ಕೈಗೆ ಸಿಕ್ಕ ಕಾಲು

ಹೊಳೆದಂಡೆಯ ಗರಡಿಯಲ್ಲಿ ಜವರ ಎಂಬ ಶಿಷ್ಯನಿದ್ದ. ಬಲಕ್ಕೇನೂ ಬರವಿರಲಿಲ್ಲ. ಆದರೂ ಆಚೆದಡದ ಚಿಕ್ಕಣ್ಣನೆದುರು ಎರಡು ವರ್ಷ ಸತತವಾಗಿ ಮಣ್ಣುಮುಕ್ಕಿದ್ದ.

“ಈ ಸಲನೂ ಸೋತ್ರೆ ಕುಸ್ತಿ ಬಿಟ್ಬಿಡ್ತೀನಿ ಉಸ್ತಾದ್. ಆಣೆ ಮಾಡಿದ್ದೀನಿ. ಪಂದ್ಯಕ್ಕೆ ಇನ್ನು ಮೂರೇ ದಿನ.”

ಉಸ್ತಾದ್ ಪುಟ್ಟಮಾದಯ್ಯ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಸಾಮು ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಹಿಡಿ ನೆನೆಸಿದ ಬಾದಾಮಿ ಕೊಡುವುದು ಆ ಗರಡಿಯ ರೂಢಿ. ಬಾದಾಮಿ ಎಂದರೆ ಜವರನಿಗೆ ಜೀವ. ಅಂದು ಉಸ್ತಾದ್ ರೂಢಿ ಮುರಿದರು.

“ಇವತ್ತು ಎದುರಾಳಿ ಕಾಲು ಹಿಡಿದ್ರೆ ನಾಲ್ಕು ಬಾದಾಮಿ. ಕುತ್ತಿಗೆ ಹಿಡಿದ್ರೆ ಒಂದು.”

ಬೆಳಗ್ಗೆಯೆಲ್ಲ ಜವರ ಕಾಲನ್ನೇ ಹುಡುಕಿದ.

ಮರುದಿನ ಹೇಳಿದರು, “ಇವತ್ತು ಕುತ್ತಿಗೆಗೆ ನಾಲ್ಕು. ಕಾಲಿಗೆ ಒಂದು.”

ಜವರ ಕಾಲಿನತ್ತ ತಿರುಗಿಯೂ ನೋಡಲಿಲ್ಲ.

ಮೂರನೆಯ ದಿನ ಉಸ್ತಾದ್ ತಾವೇ ಲಂಗೋಟಿ ಬಿಗಿದು ಮಣ್ಣಿಗಿಳಿದರು. “ನನ್ನ ಕಾಲಿಗೆ ಹತ್ತು,” ಎಂದರು.

ಜವರ ನುಗ್ಗಿದ. ಕಾಲು ಸಿಕ್ಕಿತು. ಇನ್ನೊಂದೇ ಪಟ್ಟು ಹಾಕಿದ್ದರೆ ಗುರು ಕೆಳಗಿರುತ್ತಿದ್ದರು.

ಉಸ್ತಾದ್ ತಲೆ ತಗ್ಗಿಸಿ ಕುತ್ತಿಗೆ ಒಡ್ಡಿ, “ಕುತ್ತಿಗೆಗೆ ಇಪ್ಪತ್ತು,” ಎಂದರು.

ಜವರನ ಕೈ ತಾನಾಗಿಯೇ ಕಾಲು ಬಿಟ್ಟು ಮೇಲಕ್ಕೆ ಹೋಯಿತು. ಮರುಕ್ಷಣ ಎಪ್ಪತ್ತರ ಆ ಮುದುಕ ಅವನನ್ನು ಅಂಗಾತ ಕೆಡವಿ ಎದೆಯ ಮೇಲೆ ಕೂತಿದ್ದ.

ಜವರ ಬಿದ್ದಲ್ಲೇ ನಗತೊಡಗಿದ. ಸೋತು ಇಷ್ಟು ಖುಷಿಪಟ್ಟವರನ್ನು ಆ ಗರಡಿ ಕಂಡಿರಲಿಲ್ಲ.

“ಚಿಕ್ಕಣ್ಣನೂ ಇದನ್ನೇ ಮಾಡಿದ್ದು ಉಸ್ತಾದ್. ಎರಡು ಸಲನೂ ಅವನ ಕಾಲು ನನ್ನ ಕೈಲಿತ್ತು. ಕುತ್ತಿಗೆ ತೋರಿಸ್ದ, ಬಿಟ್ಬಿಟ್ಟೆ. ನಾನು ಸೋತಿದ್ದು ಅವನ ಬಲಕ್ಕಲ್ಲ.”

“ಏಳು ಮತ್ತೆ.”

“ನಾಳೆ ಅವನ ಕುತ್ತಿಗೆ ಕಡೆ ನೋಡದೇ ಇರ್ಲಾ?”

“ಕಣ್ಣಿದೆಯಲ್ಲ, ನೋಡು.”

ಮರುದಿನ ಅಖಾಡದಲ್ಲಿ ಚಿಕ್ಕಣ್ಣನ ಕಾಲು ಸಿಕ್ಕಿತು. ಚಿಕ್ಕಣ್ಣ ಕುತ್ತಿಗೆ ತಗ್ಗಿಸಿದ. ಜವರ ನೋಡಿದ, ಕಾಲು ಬಿಡಲಿಲ್ಲ. ಚಿಕ್ಕಣ್ಣ ತೋಳು ಸಡಿಲಿಸಿದ. ಜವರ ಅದನ್ನೂ ನೋಡಿದ. ಬೆರಳು ಸಿಡಿದುಹೋಗುವಂತೆ ನೋಯುತ್ತಿದ್ದರೂ ಹಿಡಿದೇ ಇದ್ದ. ಕೊನೆಗೆ ಚಿಕ್ಕಣ್ಣನ ಬೆನ್ನು ಮಣ್ಣಿಗೆ ತಾಗಿತು. ಜನರ ಕೇಕೆ ಹೊಳೆಯಾಚೆಗೂ ಕೇಳಿಸಿತು.

ಮೈಮೇಲಿನ ಮಣ್ಣನ್ನೂ ಒರೆಸಿಕೊಳ್ಳದೆ ಜವರ ಗುರುಗಳ ಬಳಿ ಓಡಿಬಂದ. ಸಂತೋಷಕ್ಕೆ ಮಾತು ತೊದಲುತ್ತಿತ್ತು.

“ಕುತ್ತಿಗೆ ತೋರಿಸ್ದ, ತೋಳು ತೋರಿಸ್ದ, ನಾನು ಬಿಡ್ಲೇ ಇಲ್ಲ ಉಸ್ತಾದ್. ಇನ್ಮೇಲೆ ಯಾರು ಏನು ತೋರಿಸಿದ್ರೂ ಬಿಡಲ್ಲ.”

ಉಸ್ತಾದ್ ಅವನ ಬೆನ್ನು ತಟ್ಟಿದರು.

“ಒಳ್ಳೇದಪ್ಪ. ಕುತ್ತಿಗೆ ಆಸೆ, ತೋಳಿನ ಆಸೆ ಗೆದ್ದೆ. ಅವನು ಇನ್ನೇನು ತೋರಿಸಿದ್ರೆ ಬಿಡ್ತಿದ್ದೆ?”