ಸಿಪ್ರಿಯಾನ್ ಮೇಸ್ತ್ರಿಯ ಕಾಲು ಸುತ್ತು

ಬಹಳ ಹಿಂದೆ, ಹೊಳೆ ಕಡಲು ಸೇರುವಲ್ಲಿ ಒಂದು ಊರು. ಊರಿಗೆ ಕರೆಂಟು ಆಗಷ್ಟೇ ಬಂದಿತ್ತಂತೆ. ಅಲ್ಲಿ ಸಿಪ್ರಿಯಾನ್ ಮೇಸ್ತ್ರಿ ಅಂತ ದೋಣಿ ರಿಪೇರಿಯವನೊಬ್ಬ ಇದ್ದನಂತೆ. ಹಡಗಿನ ಕೆಲಸಕ್ಕೆ ಹೋದವರು ಎಲೆಕ್ಟ್ರಿಕ್ ಗಿಟಾರ್ ತಂದರು. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯಿತು, ಮಳೆಗಾಲಕ್ಕೆ ತಂತಿ ಹಾಯುವ ಉದ್ದನೆಯ ಕತ್ತಿನ ಮರ ಬಾಗಿತು. ಎಲ್ಲರೂ ಮರದ ಕೆಲಸ ಬಲ್ಲ ಮೇಸ್ತ್ರಿಯ ಹತ್ತಿರ ಓಡಿದರು.

ಅವನು ಗಿಟಾರಿನ ಕತ್ತಿಗೆ ಕಿವಿಯಿಟ್ಟು ಮಳೆ ಯಾವತ್ತು ಅಂತ ಹೇಳುತ್ತಿದ್ದನಂತೆ. ಬಲೆಯ ದಾರ ಕಟ್ಟಿಯೂ ನುಡಿಸಿದನಂತೆ. ಅದು ಶುದ್ಧ ಸುಳ್ಳು, ಕರೆಂಟಿನ ಗಿಟಾರಿಗೆ ಉಕ್ಕಿನ ತಂತಿಯೇ ಬೇಕು. ಆದರೆ ಒಂದು ನಿಜ: ಅವನು ಯಾರ ಗಿಟಾರಿನ ರಿಪೇರಿಗೂ ತಾನು ಕೈ ಹಾಕುತ್ತಿರಲಿಲ್ಲ. ತಂದವರ ಕೈಗೇ ಸ್ಕ್ರೂಡ್ರೈವರ್ ಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದ. ತಂತಿ ನೀವೇ ಕಟ್ಟಿ, ಅದರ ಎತ್ತರ ನೀವೇ ಇಳಿಸಿ ಅನ್ನುತ್ತಿದ್ದ. ಬಾಗಿದ ಕತ್ತು ನೇರವಾಗಲು ಅದರೊಳಗಿನ ಕಬ್ಬಿಣದ ಸರಳನ್ನು ಬಿಗಿಯುವಾಗ ಮಾತ್ರ ಕೈ ಅಡ್ಡ ಹಿಡಿಯುತ್ತಿದ್ದ: "ಕಾಲು ಸುತ್ತು ಸಾಕು ಮಾರಾಯ. ಉಳಿದದ್ದು ನಾಳೆ ನೋಡುವ."

ಒಬ್ಬನಿಗೆ ಮಾತ್ರ ವಿನಾಯಿತಿ ಇತ್ತು. ಅವನು ಲೀನಸ್, ನನ್ನ ಸೋದರಮಾವ. ಮದುವೆ ಮನೆಯಲ್ಲಿ ಅವನು ನುಡಿಸಿದರೆ ಮಕ್ಕಳಿಲ್ಲದ ಮೇಸ್ತ್ರಿ ಕಣ್ಣೊರೆಸಿಕೊಳ್ಳುತ್ತಿದ್ದನಂತೆ. ನುಡಿಸುವುದು ನನ್ನ ಕೆಲಸ, ತಿರುಪು ತಿರುಗಿಸುವುದಲ್ಲ ಅಂದ ಲೀನಸ್. ಸರಿ, ಮೇಸ್ತ್ರಿಯೇ ಮಾಡಿಕೊಟ್ಟ. ಇಪ್ಪತ್ತು ವರ್ಷ ಮಾಡಿಕೊಟ್ಟ. ತಪ್ಪು ಇಬ್ಬರದ್ದೂ ಅಂತ ನಾನು ಹೇಳುತ್ತೇನೆ, ಯಾರು ಬೇಜಾರು ಮಾಡಿಕೊಂಡರೂ ಸರಿ.

ಜಡಿಮಳೆಯ ಒಂದು ದಿನ ಮೇಸ್ತ್ರಿ ತೀರಿಕೊಂಡ. ಮಣ್ಣು ಮಾಡುವ ಮುಂಚೆ ಲೀನಸ್ ಒಂದು ಹಾಡು ನುಡಿಸಲಿ, ನನಗೆ ಬೇರೇನೂ ಬೇಡ ಅಂತ ಹೇಳಿ ಹೋಗಿದ್ದನಂತೆ. ಲೀನಸ್ ಪೆಟ್ಟಿಗೆ ತೆರೆದು ನೋಡಿದರೆ, ಕತ್ತು ಬಾಗಿ ತಂತಿಗಳು ಒತ್ತಲಾಗದಷ್ಟು ಮೇಲೆದ್ದಿದ್ದವು. ತಾಳಿದವನು ಬಾಳಿಯಾನು ಅನ್ನುತ್ತಾರೆ. ಆದರೆ ಶವ ಜಗಲಿಯಲ್ಲಿತ್ತು, ಪಾದ್ರಿಗಳು ಕಾಯುತ್ತಿದ್ದರು. ಲೀನಸ್ ಆ ಸರಳನ್ನು ಒಂದು ಸುತ್ತು ಬಿಗಿದ. ಇನ್ನೊಂದು ಸುತ್ತು ಬಿಗಿದ. ಕತ್ತು ಲಟ್ಟಂತ ಸೀಳಿತು.

ಮೇಸ್ತ್ರಿ ಹಾಡಿಲ್ಲದೆ ಮಣ್ಣಿಗೆ ಹೋದ. ಲೀನಸ್ ಮುರಿದ ಗಿಟಾರ್ ಹಿಡಿದು ಮಳೆಯಲ್ಲಿ ನಿಂತಿದ್ದನಂತೆ. ಕಲಿಸುವವನು ಇಪ್ಪತ್ತು ವರ್ಷ ಎದುರಿಗೇ ಇದ್ದನಲ್ಲ!

ಈಗಲೂ ಸತ್ತವರನ್ನು ನೆನೆಯುವ ದಿನ, ಆ ಊರಿನ ಗಿಟಾರಿನವರೆಲ್ಲ ಮೇಸ್ತ್ರಿಯ ಸಮಾಧಿಯ ಸುತ್ತ ಕೂತು ಹಳೆಯ ತಂತಿ ಕಳಚಿ ಹೊಸದು ಕಟ್ಟುತ್ತಾರೆ. ಹೊಸಬರ ಕೈ ತಡವರಿಸಿದರೆ ಯಾರೂ ಕಸಿದುಕೊಂಡು ಮಾಡಿಕೊಡುವುದಿಲ್ಲ, ಕಾಯುತ್ತಾರೆ. ಎಲ್ಲರದ್ದೂ ಸರಿಯಾದ ಮೇಲೆ ಒಟ್ಟಿಗೆ ಒಂದು ಹಾಡು ನುಡಿಸುತ್ತಾರೆ. ಅಲ್ಲಿ ಕರೆಂಟಿಲ್ಲ, ಸದ್ದು ನಾಲ್ಕು ಹೆಜ್ಜೆಯಾಚೆಗೂ ಕೇಳುವುದಿಲ್ಲ. ಮೇಸ್ತ್ರಿಗೆ ಕೇಳಿದರೆ ಸಾಕು ಅನ್ನುತ್ತಾರೆ.