ಮಣ್ಣಿನ ಅವ್ವನ ಕೈ

ಗವಿಸಿದ್ದನಂತೆ ಮಣ್ಣು ತಿದ್ದುವವನು ಸುತ್ತ ಹತ್ತೂರಲ್ಲಿ ಇರಲಿಲ್ಲ. ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ, ಆದರೆ ಅದು ಸುಳ್ಳೇನೂ ಅಲ್ಲ. ಕುಂಬಾರರ ಹುಡುಗ. ಪೇಟೆಯಲ್ಲಿ ಖಾಜಾಸಾಬ್ ಮಾಸ್ತರ ಹತ್ತಿರ ಆನಿಮೇಷನ್ ಕಲಿಯುತ್ತಿದ್ದ.

ಅವನ ಅಕ್ಕ ಹುಲಿಗೆಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು. ತೀರಿಹೋದ ಅವ್ವ ಅವಳಿಗೆಂದೇ ಮಳೆ ಹುಡುಕಿಕೊಂಡು ಹೊರಟ ನವಿಲಿನ ಕಥೆಯೊಂದನ್ನು ಕೈಸನ್ನೆಯಲ್ಲೇ ಕಟ್ಟಿದ್ದಳು. ಅದು ಪೂರ್ತಿ ಗೊತ್ತಿದ್ದದ್ದು ಅಕ್ಕನೊಬ್ಬಳಿಗೇ. ಈಗ ಅಕ್ಕನ ಕೈಗೆ ನರದ ಕಾಯಿಲೆ ಹತ್ತಿತ್ತು. ಬೆರಳುಗಳು ದಿನದಿನಕ್ಕೆ ಬಿಗಿಯುತ್ತಿದ್ದವು. ಅವು ನಿಂತರೆ ಕಥೆಯೂ ನಿಂತಂತೆ. ಅಷ್ಟರೊಳಗೆ ಅವ್ವನೇ ಕಥೆ ಹೇಳುವ ಹಾಗೆ ಚಿತ್ರ ಮಾಡಿ ಅಕ್ಕನಿಗೆ ತೋರಿಸುತ್ತೇನೆ ಎಂದು ಗವಿಸಿದ್ದ ಪಣ ತೊಟ್ಟ.

"ಮದ್ಲ ಅಕ್ಕನ ಮುಂದ ಕುಂದರು," ಅಂದರು ಮಾಸ್ತರು. "ಒಂದೊಂದು ಸನ್ನೀದೂ ಕಾಗದದ ಮ್ಯಾಲ ಚಿತ್ರ ತೆಗಿ. ಯಾವುದರ ಹಿಂದ ಯಾವುದು ಅಂತ ಸಾಲಾಗಿ ಜೋಡಿಸು. ಆಮ್ಯಾಲ ಮಣ್ಣೋ, ರಟ್ಟಿನ ಗೊಂಬೀನೋ, ಕಂಪ್ಯೂಟರೋ ನೋಡೂಣು."

"ಕಾಗದ ಗೀಗದ ಕೈಕಸುಬು ಬರದವರಿಗೆ ಬಿಡ್ರಿ ಮಾಸ್ತರ. ನನ್ನ ಕೈಯಾಗ ಮಣ್ಣು ಮಾತಾಡತೈತಿ!"

"ಇಲ್ಲಿ ಮಾತಾಡಬೇಕಾಗಿದ್ದು ಮಣ್ಣಲ್ಲೋ ಹುಚ್ಚಪ್ಪಾ, ಬೆರಳು. ಮಣ್ಣಿನ ಗೊಂಬಿಗೆ ಮೈತೂಕ ಬರತೈತಿ, ರಟ್ಟಿನ ಗೊಂಬಿ ಕುಣೀತೈತಿ. ಬೆರಳಿನ ಸೂಕ್ಷ್ಮಕ್ಕ ಬರೆದ ಗೆರೀನ ಬೇಕು. ಹೋಗಲಿ, ಅಕ್ಕನ ಸನ್ನೀನ ಫೋನಿನಾಗಾದ್ರೂ ಹಿಡದಿಟ್ಟುಕೋ."

"ನಮ್ಮವ್ವನ ಕಥಿ ಫೋನಿನಾಗ ಹಿಡಿಯೂವಷ್ಟು ಅಗ್ಗ ಆತೇನ್ರಿ?"

ಮಾಸ್ತರು ಕೈಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟು ತಮ್ಮ ಕೆಲಸಕ್ಕೆ ಹೊರಟರು.

ಗವಿಸಿದ್ದ ಮಣ್ಣು ಕಲಸಿದ. ಮನೆ ಕಟ್ಟಿದ, ಒಲೆ ಹೂಡಿದ, ಬೇವಿನ ಮರ ನಿಲ್ಲಿಸಿದ. ನವಿಲನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ ತೆಗೆಯುವುದು, ಮತ್ತೆ ಸರಿಸುವುದು. ನವಿಲು ನಡೆಯಿತು. ನೋಡಿದವರೆಲ್ಲ ಹೊಗಳಿದರು, ಅವನು ಉಬ್ಬಿದ. ಊರಿಗೆ ಹೋದಾಗಲೆಲ್ಲ ಅಕ್ಕ ಎದುರು ಕೂತು ಕಥೆ ಹೇಳಲು ಕೈ ಎತ್ತುತ್ತಿದ್ದಳು. 'ತಡಿ, ಕೆಲಸ ಇನ್ನೂ ಅವ್ವನ ಕೈತನಕ ಬಂದಿಲ್ಲ' ಎಂದು ಇವನು ಸನ್ನೆ ಮಾಡುತ್ತಿದ್ದ.

ಕಡೆಗೆ ಅವ್ವನ ಗೊಂಬೆಯ ಕೈಗೆ ಬಂದ. ಬೆರಳು ಬಗ್ಗಿಸಿದರೆ ಮುರಿದವು. ಒಳಗೆ ತಂತಿ ಇಟ್ಟರೆ ಬದನೆಕಾಯಿಯಂತೆ ದಪ್ಪಗಾದವು. ಫೋಟೋಕ್ಕೆಂದು ಹಚ್ಚಿದ ದೀಪದ ಕಾವಿಗೆ ಬಿರುಕು ಬಿಟ್ಟವು. ಅದಿರಲಿ, ಆ ಬೆರಳು ಏನು ಹೇಳಬೇಕು? ಮೊದಲಿನ ಒಂದೆರಡು ಸನ್ನೆ ಬಿಟ್ಟರೆ ಅವನಿಗೇ ಗೊತ್ತಿರಲಿಲ್ಲ.

ಕಾಗದ ಹಿಡಿದು ಊರಿಗೆ ಓಡಿದ. ಅಕ್ಕನ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಅವಳು ಕಷ್ಟಪಟ್ಟು ಒಂದು ಕೈ ಎತ್ತಿದಳು. ಮುಷ್ಟಿ ಬಿಚ್ಚಲಿಲ್ಲ. ಕಣ್ಣಿನಲ್ಲೇ ಏನೋ ಹೇಳಿದಳು. ಅವನಿಗೆ ತಿಳಿಯಲಿಲ್ಲ.

ಖಾಲಿ ಕಾಗದ ಹಿಡಿದು ಪೇಟೆಗೆ ಮರಳಿದವನನ್ನು ಮಾಸ್ತರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟಾದರೂ ಹಗುರವಾಗುತ್ತಿತ್ತು.

ಆದಷ್ಟು ಚಿತ್ರವನ್ನೇ ಮನೆಗೆ ಒಯ್ದು ಗೋಡೆಯ ಮೇಲೆ ತೋರಿಸಿದ. ಮಣ್ಣಿನ ಅವ್ವ ಬಂದಳು. ಅದೇ ಹಣೆ, ಸೊಂಟಕ್ಕೆ ಸಿಕ್ಕಿಸಿದ ಅದೇ ಸೆರಗು. ಅಕ್ಕ ಗೋಡೆಯ ಹತ್ತಿರಕ್ಕೆ ಸರಿದು ಕೂತಳು. ನವಿಲು ಬಂತು, ಹೋಯಿತು. ಅವಳು ಅದನ್ನು ನೋಡಲೇ ಇಲ್ಲ. ಅವ್ವನ ಕೈಯನ್ನೇ ನೋಡುತ್ತಿದ್ದಳು, ಈಗ ಏಳುತ್ತದೆ, ಈಗ ಏಳುತ್ತದೆ ಎಂದು. ಕೈ ಏಳದೆಯೇ ಚಿತ್ರ ಮುಗಿದು ಗೋಡೆ ಬರಿದಾಯಿತು. ಅಕ್ಕ ಅಲ್ಲಿಂದ ಕಣ್ಣು ಕೀಳಲಿಲ್ಲ.

ನೀತಿ: ನಮಗೆ ಯಾವ ವಿದ್ಯೆ ಬರುತ್ತದೆ ಅನ್ನುವುದಕ್ಕಿಂತ, ಹಿಡಿದ ಕೆಲಸಕ್ಕೆ ಯಾವ ವಿದ್ಯೆ ಬೇಕು ಅನ್ನುವುದನ್ನು ಮೊದಲು ಕೇಳಿಕೊಳ್ಳಬೇಕು. ಕೈಜಾರಿ ಹೋಗುವಂಥದ್ದನ್ನು ಮೊದಲು ಹಿಡಿದಿಡಿ, ಚಂದ ಮಾಡುವುದು ಆಮೇಲೆ.