ಕೊಕ್ಕರೆಯ ಧರ್ಮಾಸ್ಪತ್ರೆ

ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಡಬೇಕೆಂಬ ಷರತ್ತಿನ ಮೇಲೆ ಸಿಂಹರಾಜ ಒಂದು ಇಡೀ ಕೆರೆಯನ್ನು ಕೊಕ್ಕರೆಯ ಆಸ್ಪತ್ರೆಗೆ ಕಂದಾಯವಿಲ್ಲದೆ ಬಿಟ್ಟುಕೊಟ್ಟಿದ್ದ. ಒಂದು ಬೆಳಿಗ್ಗೆ ಚಿಪ್ಪು ಬಿರಿದ ಮುದಿ ಆಮೆಯೊಬ್ಬಳು ಅಲ್ಲಿಗೆ ತೆವಳುತ್ತ ಬಂದಳು. ಬಿರುಕಿನೊಳಗೆ ಇರುವೆಗಳು ಹೊಕ್ಕು ಕಚ್ಚುತ್ತಿದ್ದವು. ಸಂಜೆಯೊಳಗೆ ಅಂಟು ಮೆತ್ತದಿದ್ದರೆ ಅವಳು ಉಳಿಯುವಂತಿರಲಿಲ್ಲ.

ಕೊಕ್ಕರೆ ಅರ್ಜಿ ತೆಗೆದ. "ಸ್ವಂತ ಮನೆ ಇದೆಯೇ, ತಾಯಿ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಆಮೆ, "ಬೆನ್ನ ಮೇಲೇ ಇದೆಯಲ್ಲ, ಸ್ವಾಮಿ" ಎಂದಳು.

"ಹಾಗಾದರೆ ನೀವು ಬಡವರ ಪಟ್ಟಿಗೆ ಬರುವುದಿಲ್ಲ."

"ಒಡೆದಿರುವುದು ಆ ಮನೆಯೇ."

"ಮನೆ ರಿಪೇರಿ ಆಸ್ಪತ್ರೆಯ ಕೆಲಸವಲ್ಲ. ಅದನ್ನು ಮಾರಿ ಬನ್ನಿ, ಆಗ ಖಂಡಿತ ನೋಡೋಣ."

"ಮಾರಿದ ಮೇಲೆ ನೋಡುವುದಕ್ಕೆ ನಾನೆಲ್ಲಿರುತ್ತೇನೆ?" ಎಂದು ಆಮೆ ಕೇಳುತ್ತಿದ್ದಂತೆ ಅರಮನೆಯಿಂದ ನರಿ ತಪಾಸಣೆಗೆ ಬಂದ. ಕೊಕ್ಕರೆ ಲಗುಬಗೆಯಿಂದ ಅವಳನ್ನು ಮುಂದಿನ ಬೆಂಚಿನ ಮೇಲೆ ಕೂರಿಸಿದ.

"ಈ ವರ್ಷ ಬಡವರಿಗೆ ಏನು ಮಾಡಿದಿರಿ?" ನರಿ ಕೇಳಿದ.

"ಕಣ್ಣೆದುರಿಗೇ ಇದ್ದಾರಲ್ಲ. ಬೆಳಗಿನಿಂದ ಇವರಿಗೆ ಸಲಹೆ ಕೊಡುತ್ತಿದ್ದೇನೆ."

ನರಿ ಆಮೆಯತ್ತ ತಿರುಗಿದ. "ಅದಕ್ಕೇನಾದರೂ ಶುಲ್ಕ ತೆಗೆದುಕೊಂಡರೇ?"

"ಇಲ್ಲ" ಎಂದಳು ಆಮೆ. ಅದೂ ನಿಜವೇ ಆಗಿತ್ತು. ಅಂಟಿನ ವಿಷಯ ಎತ್ತಬೇಕೆಂದು ಅವಳು ಕತ್ತು ಹೊರಚಾಚುವಷ್ಟರಲ್ಲಿ ನರಿ ಮುದ್ರೆ ಒತ್ತಿ, ಕೆರೆಯನ್ನು ಇನ್ನೊಂದು ವರ್ಷಕ್ಕೆ ಆಸ್ಪತ್ರೆಗೇ ಬಿಟ್ಟು ನಡೆದಿದ್ದ.

ಕೊಕ್ಕರೆ ಬಾಗಿಲ ತನಕ ಬಂದು ಅವಳನ್ನು ಗೌರವದಿಂದ ಬೀಳ್ಕೊಟ್ಟ. "ನಿಮ್ಮಂಥ ಬಡವರಿದ್ದಾರೆಂದೇ, ತಾಯಿ, ಈ ಆಸ್ಪತ್ರೆ ನಡೆಯುತ್ತಿದೆ."